ಶಾಲಾ ಮಕ್ಕಳಿಗೆ ಚದುರಂಗ ಶಿಕ್ಷಣ: ಪ್ರಯೋಜನಗಳು ಮತ್ತು ಮಿತಿಗಳು

ಪೀಠಿಕೆ:
ಚದುರಂಗವು ಭಾರತದಲ್ಲಿ ಉಗಮಗೊಂಡ ಪ್ರಾಚೀನ ಕ್ರೀಡೆಯೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. 64 ಮನೆಗಳ ಮಣೆಯ ಮೇಲೆ ತಲಾ 16 ಕಾಯಿಗಳಿಂದ ಇಬ್ಬರು ಆಡುವ ಈ ಕ್ರೀಡೆಗೆ ಮೈದಾನದ ಅವಶ್ಯಕತೆ ಇರುವುದಿಲ್ಲ. ಆರ್ಮೇನಿಯಾ ದೇಶವು 2011ರಲ್ಲಿ 2ರಿಂದ 4ನೇ ತರಗತಿಯವರೆಗೆ ಚದುರಂಗವನ್ನು ಕಡ್ಡಾಯ ವಿಷಯವನ್ನಾಗಿ ಜಾರಿಗೊಳಿಸಿತು.

ಪ್ರಯೋಜನಗಳು:
1. ಎದುರಾಳಿಯ ಉತ್ತರವನ್ನು ಊಹಿಸಿಯೇ ಕಾಯಿ ನಡೆಸಬೇಕಾಗಿರುವುದರಿಂದ, ಮಕ್ಕಳು ಆತುರಪಡದೆ ಯೋಚಿಸುವುದನ್ನು ರೂಢಿಸಿಕೊಳ್ಳಬಹುದಾಗಿದೆ.
2. ಸ್ಪರ್ಧೆಗಳಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸತಕ್ಕದ್ದೆಂಬ ನಿಯಮವಿದೆ. ತೆಗೆದುಕೊಂಡ ತೀರ್ಮಾನಕ್ಕೆ ತಾವೇ ಹೊಣೆಯೆಂಬುದನ್ನು ಇದು ಮನವರಿಕೆ ಮಾಡಿಕೊಡುತ್ತದೆ.
3. ಪಗಡೆ, ಚೌಕಾಬಾರಗಳಲ್ಲಿರುವಂತೆ ಇಲ್ಲಿ ದಾಳ ಅಥವಾ ಕವಡೆ ಇರುವುದಿಲ್ಲ. ಆದುದರಿಂದ ಸೋಲಿನ ಕಾರಣವನ್ನು ತಮ್ಮ ನಡೆಗಳಲ್ಲಿಯೇ ಹುಡುಕಬೇಕಾಗುತ್ತದೆ. ನಡೆಗಳನ್ನು ಬರೆದಿಟ್ಟುಕೊಂಡಲ್ಲಿ ಆಟವನ್ನು ಪುನಃ ಪರಿಶೀಲಿಸಬಹುದು.

ಪೋಷಕರ ಗಮನಕ್ಕೆ:
ಚದುರಂಗ ಕಲಿತಲ್ಲಿ ಗಣಿತದ ಅಂಕಗಳು ಹೆಚ್ಚುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇಂಗ್ಲೆಂಡಿನ 100 ಪ್ರಾಥಮಿಕ ಶಾಲೆಗಳನ್ನೊಳಗೊಂಡ ಅಧ್ಯಯನವೊಂದರಲ್ಲಿ, ಆಯ್ದ ಶಾಲೆಗಳ 9-10 ವರ್ಷದ ಮಕ್ಕಳಿಗೆ ಒಂದು ಶೈಕ್ಷಣಿಕ ವರ್ಷ ಚದುರಂಗ ಬೋಧಿಸಲಾಯಿತು. ಬೋಧನೆ ಮುಗಿದ ಒಂದು ವರ್ಷದ ನಂತರ, ಉಳಿದ ಶಾಲೆಗಳ ಮಕ್ಕಳಿಗಿಂತ ಇವರ ಗಣಿತ ಫಲಿತಾಂಶ ಉತ್ತಮಗೊಂಡಿರಲಿಲ್ಲವೆಂದು 2016ರ ವರದಿಯು ತಿಳಿಸಿದೆ.

ಆದ್ದರಿಂದ ಚದುರಂಗವನ್ನು ಗಣಿತಾಭ್ಯಾಸಕ್ಕೆ ಪರ್ಯಾಯವೆಂದು ಭಾವಿಸಬಾರದು. ಅಂತೆಯೇ, ಅಂಕಗಳು ಹೆಚ್ಚಲಿಲ್ಲವೆಂಬ ಕಾರಣಕ್ಕಾಗಿ ಆಸಕ್ತಿಯುಳ್ಳ ಮಗುವಿಗೆ ಆಟವನ್ನು ಬಿಡಿಸುವುದೂ ಸೂಕ್ತವಲ್ಲ. ಏಕಾಗ್ರತೆಯಿಂದ ಆಡಿ, ಸೋಲನ್ನು ಸಮಚಿತ್ತದಿಂದ ಸ್ವೀಕರಿಸುವ ಅಭ್ಯಾಸಕ್ಕೆ ಅಂಕಪಟ್ಟಿಯ ಹೊರಗೂ ಬೆಲೆಯಿದೆ.