ಹಳದಿಯ ಋಣ

ಅಕ್ಕೋಳದ ಕಡೆ ಮೊಟ್ಟೆಗೆ ‘ತತ್ತಿ’ ಎನ್ನುವರು. ವಾರಕ್ಕೆ ಮೂರಕ್ಕಿಂತ ಹೆಚ್ಚು ತತ್ತಿಯ ಹಳದಿ ತಿನ್ನಬಾರದೆಂದು 1968ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘವು ಸಾರಿತು. ಆ ಭಯ ನನ್ನ ತರಗತಿಗೂ ತಲುಪಿತು. ‘ಹಳದಿ ಬಿಡಿರಿ, ಬಿಳಿಯನ್ನಷ್ಟೇ ತಿನ್ನಿರಿ’ ಎಂದು ನಾನೇ ಬೋಧಿಸಿದೆ. ಕೇಳುತ್ತಿದ್ದವರು ತಂಬಾಕಿನ ಹೊಲದಲ್ಲಿ ದುಡಿಯುವವರ ಮಕ್ಕಳು. ಅವರಿಗೆ ತತ್ತಿಯೇ ಅಪರೂಪ.

ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಅದರಲ್ಲಿ ಐದರಲ್ಲಿ ಎರಡು ಪಾಲು ಹಳದಿಯದು. ಎ, ಡಿ ಜೀವಸತ್ವಗಳೂ ಕಬ್ಬಿಣವೂ ಹೆಚ್ಚಾಗಿ ಅಲ್ಲಿಯೇ. 2015ರ ಅಮೆರಿಕದ ಆಹಾರ ಮಾರ್ಗಸೂಚಿಯು ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಎಂಬ ಮಿತಿಯನ್ನು ಕೈಬಿಟ್ಟಿತು.

2021ರ ಡಿಸೆಂಬರಿನಲ್ಲಿ ರಾಜ್ಯದ 7 ಜಿಲ್ಲೆಗಳ ಶಾಲೆಗಳಲ್ಲಿ ಆರಂಭವಾದ ತತ್ತಿ, 2022ರಲ್ಲಿ ನಮ್ಮ ಜಿಲ್ಲೆಗೂ ಬಂತು. ಇಷ್ಟು ಅಗ್ಗಕ್ಕೆ ಇಷ್ಟು ಸತ್ವ ಕೊಡುವ ಆಹಾರ ವಿರಳ. ಮಕ್ಕಳೇ, ನನ್ನ ಹಳೆಯ ಪಾಠವನ್ನು ಮರೆಯಿರಿ, ಇಡಿಯಾಗಿ ತಿನ್ನಿರಿ.