ಗ್ಯಾಲರಿಯಲ್ಲಿ ಬಸಳೆ, ಬಕೆಟ್ಟಿನಲ್ಲಿ ಬದನೆ: ಕುಂಡಗಳಲ್ಲಿ ತರಕಾರಿ ಬೆಳೆ

ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ನೆಲೆಸಿರುವ ನಮ್ಮವರ ಬಹುಪಾಲು ಮನೆಗಳಿಗೆ ಅಂಗಳವಿಲ್ಲ, ಹಿತ್ತಿಲಿಲ್ಲ. ಇರುವುದು ಒಂದು ಗ್ಯಾಲರಿ, ಇಲ್ಲವೇ ಕಿಟಕಿಯಿಂದ ಹೊರಚಾಚಿದ ಕಬ್ಬಿಣದ ಗ್ರಿಲ್ಲು. ಅಷ್ಟರಲ್ಲಿಯೂ ತರಕಾರಿ ಬೆಳೆಯಲು ಸಾಧ್ಯ. ಆದರೆ ತಿಂಗಳ ತರಕಾರಿ ಖರ್ಚು ಉಳಿದೀತೆಂಬ ಲೆಕ್ಕಾಚಾರದಿಂದ ಯಾರೂ ಇದಕ್ಕೆ ಕೈಹಾಕಬಾರದೆಂಬುದು ನಮ್ಮ ಅಭಿಪ್ರಾಯ. ಆಗ ತಾನೇ ಕೊಯ್ದ ಸೊಪ್ಪು, ಊರಿನ ಅಡುಗೆಗೆ ಬೇಕಾದ ಆದರೆ ಇಲ್ಲಿನ ಪೇಟೆಯಲ್ಲಿ ಬೇಕೆಂದಾಗ ಸಿಗದ ಎಲೆ, ಇವೇ ಇದರ ನಿಜವಾದ ಲಾಭ.

ಮುಂಬಯಿಗೆ ಈ ವಿದ್ಯೆ ಹೊಸತಲ್ಲ. ಡಾ. ಆರ್. ಟಿ. ದೋಶಿಯವರು ಕಬ್ಬಿನ ರಸದ ಅಂಗಡಿಗಳಲ್ಲಿ ಉಳಿಯುವ ಸಿಪ್ಪೆಯನ್ನು ಕುಂಡ, ಚೀಲಗಳಲ್ಲಿ ತುಂಬಿ, ಮೇಲೆ ತುಸುವೇ ಮಣ್ಣು ಹಾಕಿ ತಾರಸಿಯಲ್ಲಿ ಬೆಳೆ ತೆಗೆಯುವ ಪದ್ಧತಿಯನ್ನು ಪ್ರಚಾರಪಡಿಸಿದರು. ಅಂದಿನ ಮುಂಬಯಿ ಪೋರ್ಟ್ ಟ್ರಸ್ಟಿನ ಅಡುಗೆಮನೆಯ ತಾರಸಿಯಲ್ಲಿ ಎರಡು ದಶಕಗಳ ಹಿಂದೆಯೇ ಅಡುಗೆಯ ಕಸವನ್ನೇ ಗೊಬ್ಬರವಾಗಿಸಿ ಹಣ್ಣು, ತರಕಾರಿಗಳ ತೋಟ ಎದ್ದಿತು.

ಆರಂಭಿಸುವ ಮೊದಲು ವಿಚಾರಿಸಬೇಕಾದುದು ಬೀಜವನ್ನಲ್ಲ, ಭಾರವನ್ನು. ಬರಿಯ ಮಣ್ಣು ತುಂಬಿದ 20 ಲೀಟರಿನ ಬಕೆಟ್ಟು ನೀರುಂಡಾಗ 30 ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತದೆ. ಜನರು ಹತ್ತಿಳಿಯುವ ಚಪ್ಪಟೆ ತಾರಸಿಗೆ ಭಾರತೀಯ ಮಾನಕ 875ರ ಎರಡನೆಯ ಭಾಗವು (1987) ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋಗ್ರಾಮಿನಷ್ಟು ಹೊರೆಯನ್ನು ಲೆಕ್ಕ ಹಿಡಿಯುತ್ತದೆ. ಅದೇ ಒಂದು ಚದರ ಮೀಟರಿನಲ್ಲಿ ಒಂದಡಿ ಎತ್ತರಕ್ಕೆ ಒದ್ದೆ ಮಣ್ಣು ಹರಡಿದರೆ 500 ಕಿಲೋಗ್ರಾಮಿನ ಆಸುಪಾಸು ಆಗುತ್ತದೆ. ಆದುದರಿಂದ ತಾರಸಿಯ ಮೇಲೆ ಮಡಿ ಕಟ್ಟುವವರು ಸೊಸೈಟಿಯ ಅನುಮತಿಯೊಂದಿಗೆ ಸ್ಟ್ರಕ್ಚರಲ್ ಇಂಜಿನಿಯರರ ಸಲಹೆಯನ್ನೂ ಪಡೆಯಲೇಬೇಕು. ಹಳೆಯ ಕಟ್ಟಡಗಳಲ್ಲಂತೂ ಇದು ಔಪಚಾರಿಕತೆಯ ಮಾತಲ್ಲ. ಗ್ರಿಲ್ಲಿನ ಹೊರ ಅಂಚಿನಲ್ಲಿ ಬಿಡಿ ಕುಂಡ ಇಡುವುದನ್ನು ನಾವು ಒಪ್ಪುವುದಿಲ್ಲ. ಜೂನ್ ತಿಂಗಳ ಮೊದಲ ಗಾಳಿಗೆ ಅದು ಕೆಳಗೆ ನಡೆಯುವವರ ತಲೆಯ ಮೇಲೆ ಬಿದ್ದೀತು.

ಭಾರ ತಗ್ಗಿಸುವ ಉಪಾಯವೆಂದರೆ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್. ಇದರ 5 ಕಿಲೋ ಇಟ್ಟಿಗೆಯೊಂದು ನೀರಿನಲ್ಲಿ ನೆನೆದು 60 ಲೀಟರಿಗೂ ಹೆಚ್ಚು ಉಬ್ಬುತ್ತದೆ. ಇದರಲ್ಲಿ ಉಪ್ಪಿನಂಶ ಇರುವುದುಂಟು. ಎರಡು ಮೂರು ಬಾರಿ ನೀರು ಬದಲಿಸಿ ತೊಳೆಯಬೇಕು. ಒಂದು ಪಾಲು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಸಾಮಾನ್ಯ ತರಕಾರಿಗಳಿಗೆ ಸಾಕು. ಸೊಪ್ಪಿಗೆ ಆರರಿಂದ ಎಂಟು ಅಂಗುಲ ಆಳದ ತೊಟ್ಟಿ ಸಾಲುತ್ತದೆ. ಟೊಮೆಟೊ, ಬದನೆ, ಬೆಂಡೆಗಳಿಗೆ ಒಂದಡಿಗೆ ಕಡಿಮೆಯಾಗಬಾರದು. ಬಣ್ಣದ ಹಳೆಯ ಡಬ್ಬಗಳನ್ನು ಬಳಸದಿರುವುದು ಕ್ಷೇಮ. ತಳದಲ್ಲಿ ತೂತುಗಳಿಲ್ಲದ ಕುಂಡದಲ್ಲಿ ಬೇರು ಕೊಳೆಯುವುದು ಖಂಡಿತ.

ಇನ್ನು ಬಿಸಿಲು. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಸುಮಾರು ಆರು ಗಂಟೆ ನೇರ ಬಿಸಿಲು ಬೇಕು, ಸೊಪ್ಪಿಗೆ ಮೂರು ನಾಲ್ಕು ಗಂಟೆಯಾದರೂ ನಡೆದೀತು. ಮುಂಬಯಿಯಲ್ಲಿ ದಕ್ಷಿಣಾಭಿಮುಖ ಗ್ಯಾಲರಿಗೆ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಧಾರಾಳ ಬಿಸಿಲು. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲುವುದರಿಂದ ಅದೇ ಗ್ಯಾಲರಿ ನೆರಳಾಗುತ್ತದೆ. ಹೀಗಾಗಿ ಟೊಮೆಟೊವನ್ನು ಸೆಪ್ಟೆಂಬರ್ ಕೊನೆಗೆ ಬಿತ್ತಿ ಚಳಿಗಾಲದಲ್ಲಿ ಕೊಯ್ಯುವುದೇ ಜಾಣತನ.

ಹೊಸಬರಿಗೆ ನಮ್ಮ ಮೊದಲ ಶಿಫಾರಸು ಬಸಳೆ. ಬೀಜಕ್ಕಾಗಿ ಅಲೆಯಬೇಕಾಗಿಲ್ಲ. ಪೇಟೆಯಿಂದ ತಂದ ಕಟ್ಟಿನಲ್ಲಿ ಬಲಿತ ದಂಟನ್ನು ಆರಿಸಿ, ಮೂರು ನಾಲ್ಕು ಗಿಣ್ಣುಗಳಿರುವಂತೆ ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗಾಗುವಂತೆ ನೆಟ್ಟರೆ ಕೆಲವೇ ದಿನಗಳಲ್ಲಿ ಚಿಗುರುತ್ತದೆ. ಊರಿನಲ್ಲಿ ಚಪ್ಪರ ಬೇಕಿತ್ತು, ಇಲ್ಲಿ ಗ್ರಿಲ್ಲೇ ಚಪ್ಪರ. ಮರಾಠಿಯಲ್ಲಿ ಇದು ಮಾಯಾಳು. ಕೆಂಪು ಹರಿವೆ ಲಾಲ್ ಮಾಠ್, ಪತ್ರೊಡೆಯ ಕೆಸು ಅಳೂ. ನರ್ಸರಿಯಲ್ಲಿ ಈ ಹೆಸರುಗಳಿಂದ ಕೇಳಿದರೆ ಕೆಲಸ ಸುಲಭ. ಕೆಸುವಿಗೆ ನೆರಳೂ ಒದ್ದೆಯೂ ಹಿತ. ದೊಡ್ಡಪತ್ರೆ, ಒಂದೆಲಗಗಳು ಉತ್ತರ ದಿಕ್ಕಿನ ಕಿಟಕಿಯಲ್ಲಿಯೂ ಬದುಕುತ್ತವೆ. ಬೀಜ ಕೊಳ್ಳುವವರು ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ಗಮನಿಸಬಹುದು: ಮತ್ತೆ ಮತ್ತೆ ಕೊಯ್ಯಬಹುದಾದ ದಂಟು ಅರ್ಕಾ ಸುಗುಣ, ಹಳದಿ ನರ ರೋಗವನ್ನು ತಡೆಯುವ ಬೆಂಡೆ ಅರ್ಕಾ ಅನಾಮಿಕ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಟ್ಟುಗುಳ್ಳವನ್ನು ಬಕೆಟ್ಟಿನಲ್ಲಿ ಬೆಳೆಯುವ ಆಸೆ ಉಡುಪಿ ಕಡೆಯವರಿಗೆ ಸಹಜ. ಗಿಡವೇನೋ ಬಂದೀತು, ಮಟ್ಟುವಿನ ಮಣ್ಣನ್ನು ಮಾತ್ರ ಬಕೆಟ್ಟಿಗೆ ತರಲಾಗದು.

ಎತ್ತರದ ಮಹಡಿಗಳಲ್ಲಿ ಹೂ ಧಾರಾಳ, ಕಾಯಿ ಇಲ್ಲ ಎಂಬ ದೂರು ಸಾಮಾನ್ಯ. ಕಾರಣ, ಅಲ್ಲಿಗೆ ಜೇನುನೊಣ ಬರುವುದು ಅಪರೂಪ. ಟೊಮೆಟೊ, ಬದನೆ, ಮೆಣಸಿನ ಹೂಗಳಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇರುವುದರಿಂದ ಬೆಳಿಗ್ಗೆ ರೆಂಬೆಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಸಾಕು. ಸೌತೆ, ಹಾಗಲ, ಸೋರೆ, ಹೀರೆಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಕಾಣುತ್ತದೆ. ಗಂಡು ಹೂವನ್ನು ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಸವರಬೇಕು. ಸೌತೆ, ಹಾಗಲಗಳಿಗೆ ಬೆಳಗಿನ ಹೊತ್ತು. ಸೋರೆ, ಹೀರೆಗಳು ಸಂಜೆ ಅರಳುವುದರಿಂದ ಕಚೇರಿಯಿಂದ ಬಂದ ಮೇಲೆ ಈ ಕೆಲಸ ಮಾಡಬಹುದು.

ನೀರಿನ ವಿಷಯದಲ್ಲಿ ಗಡಿಯಾರಕ್ಕಿಂತ ಬೆರಳನ್ನು ನಂಬುವುದು ಒಳ್ಳೆಯದು: ಒಂದಂಗುಲ ಕೆಳಗೆ ಮಣ್ಣು ಒಣಗಿದ್ದರೆ ಮಾತ್ರ ನೀರು. ಹಿಟ್ಟು ತಿಗಣೆ ಕಂಡರೆ ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರು ಡೆಂಗೆ ಸೊಳ್ಳೆಯ ತವರು. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಅದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು. ಆದುದರಿಂದ ಮಳೆಗಾಲದಲ್ಲಿ ತಟ್ಟೆಗಳನ್ನು ತೆಗೆದಿಡುವುದು, ಉಳಿದ ದಿನಗಳಲ್ಲಿ ವಾರಕ್ಕೆರಡು ಬಾರಿ ನೀರು ಚೆಲ್ಲಿ ಉಜ್ಜಿ ಒಣಗಿಸುವುದು ಅಗತ್ಯ.