ಹಾಡುವ ಕೌಬಾಯ್

ಬೆನ್ನಟ್ಟಿ ಬಂದ ನಾಯಕ ನಡುವೆ ಕುದುರೆ ನಿಲ್ಲಿಸಿ ಗಿಟಾರು ಮೀಟುತ್ತ ಹಾಡತೊಡಗಿದರೆ ಕೆಲವರಿಗೆ ನಗು ಬರುತ್ತದೆ. ಹಾಡಿಲ್ಲದೆ ಸಿನಿಮಾ ಉಂಟೇ ಎಂದು ಬೆಳೆದ ನನಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಅಮೆರಿಕದ ಆ ಅಗ್ಗದ ಕೌಬಾಯ್ ಚಿತ್ರಗಳಲ್ಲಿ ನನ್ನನ್ನು ಕಾಡುವ ಸಂಗತಿಯೇ ಬೇರೆ.

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಲ್ಲಿನ ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸತೊಡಗಿದವು. ಎರಡನೆಯದು ಸುಮಾರು ಒಂದು ಗಂಟೆಯದು. ಸಾಮಾನ್ಯವಾಗಿ ಅದಕ್ಕೆ ಸಿಗುತ್ತಿದ್ದುದು ಗಳಿಕೆಯಲ್ಲಿ ಪಾಲಲ್ಲ, ಗೊತ್ತುಪಡಿಸಿದ ಬಾಡಿಗೆ. ಖರ್ಚಿನಲ್ಲಿ ಉಳಿಸಿದ್ದೇ ಲಾಭ. ಈ ಲೆಕ್ಕಕ್ಕೆ ಹಾಡು ಹೇಳಿಮಾಡಿಸಿದಂತಿತ್ತು: ಒಬ್ಬ ಗಾಯಕ, ಒಂದು ಗಿಟಾರು, ಒಂದು ಕುದುರೆ. ರೇಡಿಯೋದಿಂದ ಆಗಲೇ ಮನೆಮಾತಾಗಿದ್ದ ಜೀನ್ ಆಟ್ರಿಯನ್ನು 1935ರಲ್ಲಿ ರಿಪಬ್ಲಿಕ್ ಸಂಸ್ಥೆ ‘ಟಂಬ್ಲಿಂಗ್ ಟಂಬಲ್‌ವೀಡ್ಸ್’ ಚಿತ್ರದ ನಾಯಕನನ್ನಾಗಿಸಿತು. ಸಂಬಳದ ತಕರಾರಿನಲ್ಲಿ ಆತ ಮುನಿಸಿಕೊಂಡಾಗ, 1938ರಲ್ಲಿ ರಾಯ್ ರೋಜರ್ಸ್ ಬಂದ.

ಇಬ್ಬರೂ ಬಿಳಿಯರು. ಆದರೆ ಹಿಂದೆ ಟೆಕ್ಸಾಸಿನ ದನದ ಮಂದೆಗಳನ್ನು ನಿಜವಾಗಿ ಹೊಡೆದುಕೊಂಡು ಹೋದವರಲ್ಲಿ ಕಪ್ಪು ಜನ ಬಹಳ ಮಂದಿ ಇದ್ದರು. ತೆರೆಯ ಮೇಲೆ ಅವರಿಗೆ ಉಳಿದದ್ದು ಹೆಚ್ಚಾಗಿ ಆಳುಗಳ ಪಾತ್ರ. ದಕ್ಷಿಣದ ಊರುಗಳಲ್ಲಿ ಅವರ ಮಕ್ಕಳು ಸಿನಿಮಾ ನೋಡಲು ಬೇರೆ ಬಾಲ್ಕನಿ, ಇಲ್ಲವೇ ಬೇರೆ ಚಿತ್ರಮಂದಿರ.

ಆ ಬೇರೆ ಚಿತ್ರಮಂದಿರಗಳನ್ನೇ ನೆಚ್ಚಿ ಜಾಜ್ ಗಾಯಕ ಹರ್ಬ್ ಜೆಫ್ರೀಸ್, ಜೆಡ್ ಬ್ಯುವೆಲ್ ಎಂಬ ನಿರ್ಮಾಪಕನನ್ನು ಒಪ್ಪಿಸಿದ. 1937ರಲ್ಲಿ ‘ಹಾರ್ಲೆಮ್ ಆನ್ ದ ಪ್ರೇರಿ’ ಬಂತು. ನಾಯಕ, ಕಪ್ಪು ಬಣ್ಣದ ಹಾಡುವ ಕೌಬಾಯ್. 1939ರೊಳಗೆ ಇನ್ನೂ ಮೂರು ಚಿತ್ರಗಳಾದವು. ಚಿತ್ರೀಕರಣಕ್ಕೆ ಒದಗಿದ್ದು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಕಪ್ಪು ದಂಪತಿಗಳೇ ನಡೆಸುತ್ತಿದ್ದ ಮರ್ರೆ ರಾಂಚ್.

ಇವು ಒಳ್ಳೆಯ ಚಿತ್ರಗಳೇ ಎಂದು ಕೇಳಿದರೆ ನಾನು ಹೌದೆನ್ನಲಾರೆ. ಕಥೆ ತೆಳು, ಏಟುಗಳು ಹುಸಿ. ಅಷ್ಟೇ ಅಲ್ಲ, ಆ ಕಥೆಯ ಊರಿನಲ್ಲಿ ನಾಯಕ, ನಾಯಕಿ, ಖಳ ಎಲ್ಲರೂ ಕಪ್ಪು ಜನರೇ. ಹೊರಗಿನ ಬೇಲಿ ತೆರೆಯೊಳಗೂ ಹಾಗೆಯೇ ನಿಂತಿತ್ತು. ಆದರೂ ಆ ಬೇಲಿಯ ಈಚೆಗೆ ಕುಳಿತ ಹುಡುಗ ತನ್ನಂಥವನೊಬ್ಬ ಕುದುರೆಯೇರಿ ಊರನ್ನು ಕಾಯುವುದನ್ನು ಮೊದಲ ಸಲ ಕಂಡ. ಹೇರಳ ಹಣವಿದ್ದ ಸ್ಟುಡಿಯೋಗಳು ಅವನಿಗೆ ಇದನ್ನು ಕೊಟ್ಟಿರಲಿಲ್ಲ. ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದ ಬಡ ಚಿತ್ರಗಳಿಗೆ ಆ ಧೈರ್ಯ ಬಂತು ಎಂದು ನನಗನ್ನಿಸುತ್ತದೆ.

ಮುಂದೆ ಡ್ಯೂಕ್ ಎಲಿಂಗ್ಟನ್ನನ ವಾದ್ಯವೃಂದದಲ್ಲಿ ಹಾಡಿ ಹೆಸರಾದ ಜೆಫ್ರೀಸ್ 2014ರಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲೂ ಜನ ಅವನನ್ನು ಗುರುತಿಸುತ್ತಿದ್ದುದು ಆ ಕುದುರೆ, ಆ ಟೋಪಿಗಳಿಂದಲೇ.